ಜೋಳ ಬೆಳೆಯುವ ಸೀಮೆಯಲ್ಲಿ ಜೋಳವೇ ತುಟ್ಟಿ: ಆಹಾರ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆಹಾರ ಮತ್ತು ನಾಗರಿಕ ಸರಬರಾಜು ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಸಾಷ್ಟಾಂಗ ನಮಸ್ಕಾರಗಳು.

ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು 2025ರ ಅಕ್ಟೋಬರಿನಲ್ಲಿ ಸಂಪುಟ ತೀರ್ಮಾನಿಸಿತು. ಫಲಾನುಭವಿಗಳ ಅಕ್ಕಿ ಕಾಳಸಂತೆ ಸೇರುತ್ತಿದೆ ಎಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಅದು ಸುಳ್ಳಲ್ಲ. ಆದರೆ ಸಿಕ್ಕ ಅಕ್ಕಿಯನ್ನು ಬಡವರು ಯಾಕೆ ಮಾರುತ್ತಾರೆ ಎಂಬ ಪ್ರಶ್ನೆಗೆ ಬೆಂಗಳೂರಿನಲ್ಲಿ ಕೇಳಿಬರುವ ಉತ್ತರ ಬೇರೆ, ವಿಜಯಪುರ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಕಣ್ಣಿಗೆ ಕಾಣುವ ಉತ್ತರ ಬೇರೆ. ಅದನ್ನು ತಮ್ಮ ಮುಂದಿಡಲು ಈ ಪತ್ರ.

ರೇಷನ್ ಹಂಚಿದ ಮರುದಿನ ನಮ್ಮ ಓಣಿಗೆ ಒಂದು ಟಂಟಂ (ಮೂರು ಗಾಲಿಯ ಗಾಡಿ) ಬರುತ್ತದೆ. ಅದರಲ್ಲಿ ತಕ್ಕಡಿ ಇರುತ್ತದೆ, ಖಾಲಿ ಚೀಲಗಳಿರುತ್ತವೆ. ಹೆಣ್ಣುಮಕ್ಕಳು ಬುಟ್ಟಿಯಲ್ಲಿ, ಸೆರಗಿನಲ್ಲಿ ಅಕ್ಕಿ ತಂದು ಸುರಿದು, ಬಂದಷ್ಟು ರೊಕ್ಕ ಹಿಡಿದು ಸಂತೆಗೆ ಹೋಗಿ ಜೋಳ ತರುತ್ತಾರೆ. ಎರಡು ಮೂರು ಕೆಜಿ ಅಕ್ಕಿ ಕೊಟ್ಟರೂ ಒಂದು ಕೆಜಿ ಒಳ್ಳೆ ಬಿಳಿಜೋಳ ಬರುವುದು ಕಷ್ಟ. ಹೀಗೆ ಮಾರುವುದು ಕಾನೂನಿಗೆ ವಿರುದ್ಧ ಎಂದು ಅವರಿಗೆ ಗೊತ್ತು. ಲುಕ್ಸಾನು ಎಂದೂ ಗೊತ್ತು. ನಮ್ಮ ನೆರೆಮನೆಯ ಕಾಕು ಒಂದೇ ಮಾತು ಹೇಳುತ್ತಾರೆ: "ಅನ್ನ ಉಂಡು ಹೊಲಕ್ಕ ಹೋದ್ರ ಹನ್ನೊಂದು ಬಡಿಯೂದ್ರಾಗ ಹೊಟ್ಟಿ ಖಾಲಿ ಆಗ್ತದ ತಮ್ಮಾ. ಎರಡು ರೊಟ್ಟಿ ಇದ್ರ ಹೊತ್ತು ಇಳಿಯೂತನಾ ಕಳೆ ತಗೀಬಹುದು."

ಕಾಕು ಹೇಳುವುದು ಬರೀ ರೂಢಿಯ ಮಾತಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ, 4 ಮಿಲಿಗ್ರಾಂ ಕಬ್ಬಿಣವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ, ಕಬ್ಬಿಣ 1 ಮಿಲಿಗ್ರಾಂಗಿಂತ ಕಡಿಮೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65ಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ, ಶೇ 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ಇದಕ್ಕೆಲ್ಲ ಅಕ್ಕಿಯೇ ಕಾರಣವೆಂದು ನಾನು ಹೇಳಲಾರೆ. ಆದರೆ ಇಂಥ ಮಕ್ಕಳಿರುವ ಮನೆಗಳಲ್ಲೇ ರೊಟ್ಟಿಯ ಲೆಕ್ಕ ಹಿಡಿದು ಬಡಿಸುವ ಕಾಲ ಬಂದಿದೆ. ಗಂಡಸರಿಗೆ ರೊಟ್ಟಿ, ಹುಡುಗರಿಗೆ ಒಂದೊಂದು, ಮನೆಯ ಹೆಣ್ಣುಮಕ್ಕಳಿಗೆ ರೇಷನ್ ಅಕ್ಕಿಯ ಅನ್ನ. ಕೊರತೆ ಮನೆಯೊಳಗೆ ಬಂದಾಗ ಮೊದಲು ಯಾರ ತಾಟಿಗೆ ಕೈ ಹಾಕುತ್ತದೆ ಎಂದು ಯಾವ ಗೋದಾಮಿನ ಲೆಕ್ಕದಲ್ಲೂ ಬರುವುದಿಲ್ಲ.

ದೇಶದಲ್ಲಿ ಧಾನ್ಯದ ಕೊರತೆ ಇಲ್ಲ ಎಂದು ದಿಲ್ಲಿಯವರು ಹೇಳುತ್ತಾರೆ. ರಾಶಿ ಲೆಕ್ಕದಲ್ಲಿ ಅದು ನಿಜವೇ. 2023ರ ಜೂನ್ ನೆನಪಿಸಿಕೊಳ್ಳಿ. ಅನ್ನಭಾಗ್ಯದ ಹೆಚ್ಚುವರಿ 5 ಕೆಜಿಗಾಗಿ ರಾಜ್ಯಕ್ಕೆ ಅಕ್ಕಿ ಮಾರಲು 12ರಂದು ಒಪ್ಪಿದ್ದ ಭಾರತೀಯ ಆಹಾರ ನಿಗಮ ಮುಂದಿನ ಎರಡೇ ದಿನದಲ್ಲಿ ಹಿಂದೆ ಸರಿಯಿತು, ಏಕೆಂದರೆ 13ರಂದು ಕೇಂದ್ರ ಸರ್ಕಾರ ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ, ಗೋಧಿ ಮಾರುವುದನ್ನೇ ನಿಲ್ಲಿಸಿತ್ತು. ಬೆಲೆ ಏರಿಕೆ ತಡೆಯಬೇಕು ಎಂಬುದು ಅವರ ಕಾರಣ. ಮಳೆ ಕೆಡಿಸುವ ಎಲ್ ನಿನೋ ಭಯವೂ ಇದ್ದ ವರ್ಷ ಅದು, ಆ ಕಾಳಜಿಯನ್ನು ತಳ್ಳಿಹಾಕಲಾಗದು. ಆದರೆ ಜುಲೈ 1ಕ್ಕೆ ಇರಬೇಕಾದ ಅಕ್ಕಿಯ ಕಾಪು ದಾಸ್ತಾನು (ಬಫರ್ ಸ್ಟಾಕ್) 135 ಲಕ್ಷ ಟನ್. ಗೋದಾಮುಗಳಲ್ಲಿ ಅದಕ್ಕಿಂತ ಬಹಳ ಹೆಚ್ಚೇ ಇತ್ತು. ತಮ್ಮ ಸರ್ಕಾರ ಅಕ್ಕಿಯ ಬದಲು ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. ಆ ರೊಕ್ಕಕ್ಕೆ ನಮ್ಮ ಸಂತೆಯಲ್ಲಿ 5 ಕೆಜಿ ಜೋಳ ಬರುತ್ತಿರಲಿಲ್ಲ. ಮುಂದೆ 2025ರಲ್ಲಿ ಕೇಂದ್ರವೇ ಕೆಜಿಗೆ 22 ರೂಪಾಯಿ 50 ಪೈಸೆಯಂತೆ ರಾಜ್ಯಗಳಿಗೆ ಅಕ್ಕಿ ಕೊಡಲು ಮುಂದಾಯಿತು. ಎಥೆನಾಲ್ ಕಾರ್ಖಾನೆಗಳಿಗೂ ಅದೇ ದರ. ಉಣ್ಣುವವರಿಗೂ ಇಂಧನ ಮಾಡುವವರಿಗೂ ಒಂದೇ ತಕ್ಕಡಿ ಹಿಡಿದದ್ದನ್ನು ನೋಡಿ ನನಗೆ ಸಂಕಟವಾಯಿತು.

ಇದನ್ನು ಬರೆಯುವಾಗ ಈ ಜಿಲ್ಲೆಯ ಹಳೆಯ ಬರ ನೆನಪಿಗೆ ಬರುತ್ತದೆ. 1876ರಿಂದ 78ರವರೆಗಿನ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ, ಅಂದರೆ ಇಂದಿನ ವಿಜಯಪುರ ಮತ್ತು ಬಾಗಲಕೋಟೆ, ಸುಮಾರು ಐದನೇ ಒಂದು ಭಾಗ ಜನರನ್ನು ಕಳೆದುಕೊಂಡಿತು. ಆ ವರ್ಷಗಳಲ್ಲೂ ಹಿಂದೂಸ್ತಾನದ ಬಂದರುಗಳಿಂದ ಧಾನ್ಯ ಹಡಗು ಹತ್ತುತ್ತಲೇ ಇತ್ತು. ಈಗ ಅಂಥ ಸಾವಿಲ್ಲ, ಅನ್ನಭಾಗ್ಯದಂಥ ಯೋಜನೆಗಳ ಪುಣ್ಯ ಅದರಲ್ಲಿದೆ, ಅದಕ್ಕೆ ನಾವು ಋಣಿಗಳು. ಆದರೆ ಧಾನ್ಯ ಒಂದು ಕಡೆ, ಉಣ್ಣುವವರು ಒಂದು ಕಡೆ, ನಡುವೆ ತೀರ್ಮಾನ ಮಾಡುವವರು ಮೂರನೇ ಕಡೆ ಎಂಬ ಏರ್ಪಾಡು ಮಾತ್ರ ಬದಲಾಗಿಲ್ಲ.

ಇನ್ನು ಜೋಳ ಎಲ್ಲಿ ಹೋಯಿತು ಎಂಬುದಕ್ಕೆ ಬರುತ್ತೇನೆ. 1960ರ ಹೊತ್ತಿಗೆ ದೇಶದಲ್ಲಿ ಸುಮಾರು 1.8 ಕೋಟಿ ಹೆಕ್ಟೇರ್‌ನಲ್ಲಿ ಜೋಳವಿತ್ತು. ಈಗ ಉಳಿದದ್ದು ಸುಮಾರು 40 ಲಕ್ಷ ಹೆಕ್ಟೇರ್. ನಮ್ಮ ಜಿಲ್ಲೆಯಲ್ಲೇ ಭೀಮಾ ತೀರಕ್ಕೆ ಕಬ್ಬು ಬಂತು, ಇಂಡಿಯ ಕಡೆ ನಿಂಬೆ, ತಿಕೋಟಾ ಕಡೆ ದ್ರಾಕ್ಷಿ, ಎರಿ (ಕಪ್ಪು ಮಣ್ಣಿನ) ಹೊಲಗಳಿಗೆ ತೊಗರಿ. ರೈತ ಆಸೆಬುರುಕನಾದ ಎಂದು ಯಾರೂ ಹೇಳಬಾರದು. 2025–26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ, ರೊಟ್ಟಿಗೆ ಬಳಸುವ ಬಿಳಿಜೋಳವಾದ ಮಾಲದಂಡಿಗೆ 3,749. ಮಳೆ ನೆಚ್ಚಿದ ಎರಿ ಹೊಲದಲ್ಲಿ ಎರಡರ ಇಳುವರಿಗೂ ಅಂಥ ದೊಡ್ಡ ಅಂತರವಿಲ್ಲ. ಜೋಳಕ್ಕೆ ಆಳಿನ ಖರ್ಚು ಮಾತ್ರ ವಿಪರೀತ. ಹಿಂಗಾರಿ ಜೋಳವನ್ನು ಇಂದಿಗೂ ಬಹಳ ಕಡೆ ಬೇರುಸಹಿತ ಕೈಯಿಂದಲೇ ಕೀಳಬೇಕು. ಸಿವುಡು ಕಟ್ಟಬೇಕು, ತೆನೆ ಮುರಿಯಬೇಕು, ರಾಶಿ ಮಾಡಬೇಕು. ಬೇಸಿಗೆ ಬಿಸಿಲು ಏರುವ ಫೆಬ್ರುವರಿ, ಮಾರ್ಚ್‌ನಲ್ಲಿ ಅಂಗೈ ಸುಲಿಯುವ ಕೆಲಸ ಅದು. ಊರಿನ ಅರ್ಧ ದುಡಿಯುವ ಕೈಗಳು ಪುಣೆ, ಗೋವಾ, ಬೆಂಗಳೂರಿಗೆ ದುಡಿಯಲು ಹೋಗಿರುವಾಗ ಕೀಳುವವರು ಯಾರು?

ಖರೀದಿ ವ್ಯವಸ್ಥೆಯಲ್ಲೂ ಒಂದು ದೊಡ್ಡ ದೋಷವಿದೆ, ತಾವು ಇದನ್ನು ದಯವಿಟ್ಟು ಗಮನಿಸಬೇಕು. ಮಾಲದಂಡಿ ಜೋಳಕ್ಕೂ ಹೈಬ್ರಿಡ್ ಜೋಳಕ್ಕೂ ಬೆಂಬಲ ಬೆಲೆಯಲ್ಲಿ ಇರುವ ವ್ಯತ್ಯಾಸ ಕ್ವಿಂಟಲಿಗೆ ಬರೀ 50 ರೂಪಾಯಿ. ಬಜಾರಿನಲ್ಲಿ ಅವೆರಡರ ಅಂತರ ಅದಕ್ಕಿಂತ ಎಷ್ಟೋ ಪಟ್ಟು. ಹಾಗಾಗಿ ಖರೀದಿ ಕೇಂದ್ರಕ್ಕೆ ಹೈಬ್ರಿಡ್ ಜೋಳ ಬರುತ್ತದೆ, ರೊಟ್ಟಿಗೆ ಬೇಕಾದ ಬಿಳಿಜೋಳ ಬರುವುದಿಲ್ಲ. ಹೈಬ್ರಿಡ್ ಹಿಟ್ಟು ನಾದಿದರೆ ಜಿಗಿ ಹಿಡಿಯುವುದಿಲ್ಲ, ಬಡಿಯುವಾಗ ಅಂಚು ಒಡೆಯುತ್ತದೆ, ರೊಟ್ಟಿ ಹಂಚಿನ ಮೇಲೆ ಉಬ್ಬದು. ಕೆಲವು ತಿಂಗಳು ರೇಷನ್‌ನಲ್ಲಿ ಜೋಳ ಕೊಟ್ಟಾಗ ಜನ ಮುಖ ತಿರುಗಿಸಿದರು ಎಂದು ಅಧಿಕಾರಿಗಳು ತಮಗೆ ವರದಿ ಕೊಟ್ಟಿರಬಹುದು. ಯಾವ ಜೋಳ, ಎಷ್ಟು ಹಳೆಯದು, ನುಸಿ ಹಿಡಿದಿತ್ತೋ ಇಲ್ಲವೋ ಎಂದು ಆ ವರದಿಯನ್ನೇ ಮತ್ತೊಮ್ಮೆ ಕೇಳಿ ನೋಡಿ.

ಖರೀದಿ ಕೇಂದ್ರ ಬಾಗಿಲು ತೆರೆಯುವ ಹೊತ್ತಂತೂ ಇನ್ನೂ ವಿಚಿತ್ರ. ರಾಶಿಯಾದ ಕೂಡಲೇ ಸಣ್ಣ ರೈತನಿಗೆ ರೊಕ್ಕ ಬೇಕು. ಸಾಲದ ಕಂತಿರುತ್ತದೆ, ಮದುವೆ ಇರುತ್ತದೆ, ಕಿರಾಣಿ ಅಂಗಡಿಯ ಉದ್ರಿ ಇರುತ್ತದೆ. ಕೇಂದ್ರದಲ್ಲಿ ಫ್ರೂಟ್ಸ್ (ರಾಜ್ಯ ಸರ್ಕಾರದ ರೈತ ದಾಖಲೆ ತಂತ್ರಾಂಶ) ನೋಂದಣಿ, ಬೆಳೆ ಸಮೀಕ್ಷೆಯ ಹೊಂದಾಣಿಕೆ, ತೇವಾಂಶದ ಪರೀಕ್ಷೆ ಎಲ್ಲ ಮುಗಿಯುವಷ್ಟರಲ್ಲಿ ಅವನ ಜೋಳ ಅಡತಿ ಅಂಗಡಿ ಸೇರಿರುತ್ತದೆ. ಬೆಳೆ ಚೆನ್ನಾಗಿ ಬಂದ ವರ್ಷ ದರ ಬಿದ್ದಾಗ ಸರ್ಕಾರ ಕೊಳ್ಳಲು ತಡವಾಗಿ ಬರುತ್ತದೆ, ಬರದ ವರ್ಷ ದರ ಏರಿದಾಗ ಸರ್ಕಾರಕ್ಕೆ ಯಾರೂ ಮಾರುವುದಿಲ್ಲ. ಎರಡೂ ಸಲ ಗೋದಾಮು ಖಾಲಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದಾಗ ಆದದ್ದು ಇದೇ. ಹಿಂಗಾರಿಗೆ ತೇವವಿಲ್ಲದೆ ಬಿತ್ತನೆ ಕುಂಠಿತವಾಯಿತು, ಜೋಳದ ದರ ಬೆಂಬಲ ಬೆಲೆಯನ್ನು ದಾಟಿ ಎಲ್ಲೋ ಹೋಯಿತು, ತಡೆಯಲು ಸರ್ಕಾರದ ಕೈಯಲ್ಲಿ ಒಂದು ಚೀಲ ಜೋಳವೂ ಇರಲಿಲ್ಲ ಎನ್ನುವಂತಾಯಿತು. ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಘೋಷಿಸಿದ್ದ ವರ್ಷವೂ ಅದೇ. ಬೆಂಗಳೂರಿನಲ್ಲಿ ಮೇಳಗಳು ನಡೆದವು. ಇಲ್ಲಿ ಜನ ಗುಳೆ ಹೋದರು.

ಜೋಳ ಹೋದರೆ ಬರೀ ಕಾಳು ಹೋಗುವುದಿಲ್ಲ, ದನದ ಮೇವಾದ ಕಣಿಕೆಯೂ ಹೋಗುತ್ತದೆ. ತೊಗರಿ ಕಟ್ಟಿಗೆ ಒಲೆಗೆ ಆದೀತು, ದನ ತಿನ್ನುವುದಿಲ್ಲ. ಬೇಸಿಗೆಯಲ್ಲಿ ಮೇವು ಕೊಳ್ಳಲಾರದವರು ಮೊದಲು ಆಕಳು ಮಾರುತ್ತಾರೆ, ಆಮೇಲೆ ಎತ್ತು. ಆಕಳು ಹೋದ ಮನೆಯಲ್ಲಿ ಮಕ್ಕಳಿಗೆ ಹಾಲು, ಮಜ್ಜಿಗೆ ಇಲ್ಲ. ಎತ್ತು ಹೋದ ಹೊಲಕ್ಕೆ ಬಾಡಿಗೆ ಟ್ರ್ಯಾಕ್ಟರ್ ಬೇಕು, ತಿಪ್ಪೆಗೊಬ್ಬರ ಇಲ್ಲದ ಎರಿ ಬಿಸಿಲಿಗೆ ಬಾಯಿ ಬಿಡುತ್ತದೆ, ಮರುವರ್ಷ ಗೊಬ್ಬರಕ್ಕೆ ಸಾಲ. ನಮ್ಮ ಓಣಿಯಲ್ಲಿ ಬಣವೆ ಒಟ್ಟುತ್ತಿದ್ದ ಜಾಗಗಳಲ್ಲಿ ಈಗ ಜಾಲಿ ಬೆಳೆದಿದೆ. ಹಿರಿಯರು ಒಳ್ಳೆಯ ವರ್ಷದ ಜೋಳವನ್ನು ನೆಲದೊಳಗಿನ ಹಗೇವಿಗೆ ಹಾಕಿ ಮುಚ್ಚಿ, ಬರ ಬಂದಾಗ ತೆಗೆಯುತ್ತಿದ್ದರು. ಹಳ್ಳಿಗೊಂದು ಆಪತ್ಕಾಲದ ದಾಸ್ತಾನು ಹಾಗೆ ಇರುತ್ತಿತ್ತು. ಆ ಹಗೇವುಗಳು ಮುಚ್ಚಿ ಹೋದವು, ಅವುಗಳ ಜಾಗಕ್ಕೆ ನಾವು ಇನ್ನೇನನ್ನೂ ತರಲಿಲ್ಲ.

ಹಾಗಾದರೆ ಏನು ಮಾಡಬೇಕು? ಕಾನೂನು ಅಡ್ಡಿಯಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲಿ ಅಕ್ಕಿ, ಗೋಧಿಯ ಜೊತೆಗೇ ಜೋಳ, ರಾಗಿಯಂಥ ಒರಟು ಧಾನ್ಯಗಳೂ ಇವೆ. ಖರೀದಿಸಿದ ಜೋಳವನ್ನು ಹಂಚಲು ಇರುವ ಅವಧಿಯನ್ನು ಕೇಂದ್ರ 2021ರ ಡಿಸೆಂಬರಿನಲ್ಲಿ ಆರು ತಿಂಗಳಿಗೆ ಹೆಚ್ಚಿಸಿತು. ಬೇಕಾದದ್ದು ಸರಿಯಾದ ಹೊತ್ತಿಗೆ ತೆಗೆದುಕೊಳ್ಳುವ ನಿರ್ಧಾರ. ಹಿಂಗಾರಿ ಜೋಳದ ಬಿತ್ತನೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್‌ವರೆಗೆ. ರೈತ ತೊಗರಿ, ಕಡಲೆ, ಜೋಳ ಎಂದು ಮನಸ್ಸು ಮಾಡುವುದು ಅದಕ್ಕೂ ಮೊದಲು. ಸರ್ಕಾರ ಈ ವರ್ಷ ಇಷ್ಟು ಟನ್ ಬಿಳಿಜೋಳವನ್ನು ಈ ದರಕ್ಕೆ ಫೆಬ್ರುವರಿ ಕೊನೆಗೆ ಕೊಳ್ಳುತ್ತದೆ ಎಂದು ಆಗಸ್ಟ್‌ನಲ್ಲೇ ಆದೇಶ ಹೊರಡಿಸಿದರೆ ಹೊಲದಲ್ಲಿ ಏನು ನಿಲ್ಲಬೇಕು ಎಂಬುದೇ ಬದಲಾಗುತ್ತದೆ. ಬೆಳೆದ ಮೇಲೆ ಕೊಡುವ ಭರವಸೆ ಬೀಜ ಬಿತ್ತಿಸುವುದಿಲ್ಲ.

ದರದ ಮಾತಿಗೆ ಬಂದರೆ, ಮಾಲದಂಡಿಗೆ ರಾಜ್ಯ ತನ್ನ ಪಾಲಿನ ಪ್ರೋತ್ಸಾಹಧನ ಸೇರಿಸದೆ ಈ ಕೆಲಸ ಆಗದು. ಅದಕ್ಕೆ ಹಣ ಎಲ್ಲಿಂದ ಎಂದು ಹಣಕಾಸು ಇಲಾಖೆ ಕೇಳುತ್ತದೆ. ಕಿಟ್‌ಗೆಂದು ಮೀಸಲಿಟ್ಟ ಹಣದಲ್ಲಿ ವಿಜಯಪುರ, ಬಾಗಲಕೋಟೆ, ಕಲಬುರಗಿ, ಯಾದಗಿರಿ, ರಾಯಚೂರಿನಂಥ ಜೋಳ ಉಣ್ಣುವ ಜಿಲ್ಲೆಗಳ ಪಾಲನ್ನು ನೋಡಿ. ಈ ಜಿಲ್ಲೆಗಳಲ್ಲಿ ಕಿಟ್‌ನ ಸಕ್ಕರೆ, ಉಪ್ಪಿನ ಬದಲು ತಲೆಗೆ ಎರಡೋ ಮೂರೋ ಕೆಜಿ ಬಿಳಿಜೋಳ ಕೊಡಲಾದೀತೇ ಎಂದು ಲೆಕ್ಕ ಹಾಕಿಸಿ. ಬೇಳೆ ಇರಲಿ, ಎಣ್ಣೆ ಇರಲಿ, ಅವು ನಿಜವಾಗಿಯೂ ಬೇಕು. ಜೋಳ ಇಲ್ಲೇ ಬೆಳೆದು, ಇಲ್ಲಿನ ತಾಲ್ಲೂಕಿನ ಗೋದಾಮಿನಲ್ಲಿ ಇದ್ದು, ಇಲ್ಲಿನ ಸೊಸೈಟಿಗೆ ಬಂದರೆ ಸಾಗಣೆಯ ಖರ್ಚೂ ಇಳಿಯುತ್ತದೆ. ಓಣಿಗೆ ಬರುವ ಟಂಟಂಗೆ ಅದನ್ನು ಯಾರೂ ಸುರಿಯುವುದಿಲ್ಲ, ಇದನ್ನು ನಾನು ಧೈರ್ಯವಾಗಿ ಹೇಳಬಲ್ಲೆ.

ಜೋಳ ಕೀಳುವ, ಕಟ್ಟುವ ಯಂತ್ರಗಳ ಬಗ್ಗೆ ಕೃಷಿ ಸಚಿವರ ಜೊತೆ ಮಾತಾಡಿ. ಬಾಡಿಗೆಗೆ ಯಂತ್ರ ಕೊಡುವ ಕೇಂದ್ರಗಳಲ್ಲಿ ಕಬ್ಬಿನ, ಭತ್ತದ ಯಂತ್ರ ಕೇಳಿದರೆ ಸಿಗುತ್ತವೆ, ಸಣ್ಣ ಹಿಡುವಳಿಗೆ ಒಗ್ಗುವ ಜೋಳದ ಯಂತ್ರ ಸಿಗುವುದು ಅಪರೂಪ.

ಈ ಸಲದ ಹಿಂಗಾರಿ ಬಿತ್ತನೆಗೆ ಮೊದಲು ಖರೀದಿ ಆದೇಶ ಹೊರಬೀಳಬೇಕು. ಆಗದಿದ್ದರೆ ಯಾಕೆ ಆಗದು ಎಂದಾದರೂ ತಿಳಿಸಿ. ಜಿಲ್ಲಾ ಉಸ್ತುವಾರಿ ಸಭೆಯಲ್ಲಿ ಅಧಿಕಾರಿಗಳನ್ನಷ್ಟೇ ಕೇಳದೆ, ನ್ಯಾಯಬೆಲೆ ಅಂಗಡಿಯ ಮುಂದೆ ಥಂಬ್ ಕೊಡಲು ಸಾಲಿನಲ್ಲಿ ನಿಂತ ಹೆಣ್ಣುಮಕ್ಕಳನ್ನೂ ಒಮ್ಮೆ ಕೇಳಿ. ಅವರು ತಮಗೆ ಅಕ್ಕಿಯ ತೂಕ, ಜೋಳದ ದರ, ಮನೆಯಲ್ಲಿ ಎಷ್ಟು ರೊಟ್ಟಿ ಆಗುತ್ತವೆ ಎಂಬುದನ್ನೆಲ್ಲ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ವಿಜಯಪುರ ಜಿಲ್ಲೆಯ ಒಬ್ಬ ಜೋಳ ಬೆಳೆಗಾರ