ದೃಷ್ಟಿ ಬೊಂಬೆಯ ನೆಂಟಳು

ಫ್ಲಾರೆನ್ಸ್, ಇಟಲಿ,
ಭಾನುವಾರ ರಾತ್ರಿ

ಪ್ರೀತಿಯ ಅಮ್ಮ,

ನಾನು ಚೆನ್ನಾಗಿದ್ದೇನೆ. ಮಹಡಿ ಮನೆ ಸಜ್ಜಾ ಮಟ್ಟಕ್ಕೆ ಬಂತು, ಮುಂದೆ ದೃಷ್ಟಿ ಬೊಂಬೆ ಕಟ್ಟಿದ್ದೇವೆ ಅಂತ ಅಪ್ಪ ಫೋಟೊ ಕಳಿಸಿದ್ದರು. ಚಾಚಿದ ನಾಲಿಗೆ, ಕೋರೆಹಲ್ಲು, ಗುಡ್ಡೆಗಣ್ಣು. ನೋಡಿ ನಕ್ಕುಬಿಟ್ಟಿದ್ದೆ. ಇವತ್ತು ಅದೇ ಮುಖ ಇಲ್ಲಿ ಎದುರಾಯಿತು!

ತಿಂಗಳ ಮೊದಲ ಭಾನುವಾರ ಇಲ್ಲಿ ಸರ್ಕಾರಿ ಮ್ಯೂಸಿಯಂಗಳಿಗೆ ಟಿಕೆಟ್ ಇಲ್ಲ. ಬಿಟ್ಟಿ ಅಂದರೆ ಬಿಡೋದುಂಟಾ? ಬೆಳಿಗ್ಗೆಯೇ ಪುರಾತತ್ವ ಮ್ಯೂಸಿಯಂಗೆ ಹೋದೆ. ಅಲ್ಲಿ ಕ್ರಿ.ಪೂ. 570ರ ಸುಮಾರಿನ ಒಂದು ಗ್ರೀಕ್ ಹಂಡೆ ಇದೆ, ವೈನಿಗೆ ನೀರು ಬೆರೆಸುತ್ತಿದ್ದದ್ದು. ಫ್ರಾನ್ಸ್ವಾ ಹಂಡೆ ಅಂತ ಹೆಸರು. 1900ರಲ್ಲಿ ಅಲ್ಲಿನ ಕಾವಲುಗಾರನೊಬ್ಬ ಸಿಟ್ಟಿನಲ್ಲಿ ಸ್ಟೂಲ್ ಎಸೆದು ಅದನ್ನು 638 ಚೂರು ಮಾಡಿದ್ದ. ಎಲ್ಲ ಜೋಡಿಸಿ ನಿಲ್ಲಿಸಿದ್ದಾರೆ. ಮೈತುಂಬ ದೇವರುಗಳ ಮೆರವಣಿಗೆ. ಹೆಚ್ಚಿನವರ ಮುಖ ಪಕ್ಕಕ್ಕೆ ತಿರುಗಿದೆ. ಆದರೆ ಹಿಡಿಯ ಒಳಮಗ್ಗುಲಲ್ಲಿ ರೆಕ್ಕೆಯ ಹೆಂಗಸೊಬ್ಬಳು ಓಡುತ್ತಲೇ ನಮ್ಮನ್ನು ನೆಟ್ಟಗೆ ದುರುಗುಟ್ಟುತ್ತಾಳೆ. ಅವಳು ಗಾರ್ಗನ್.

ಗ್ರೀಕರ ಪುರಾಣದಲ್ಲಿ ಗಾರ್ಗನ್ನರು ಅಂದರೆ ಮೂವರು ರಾಕ್ಷಸಿ ಅಕ್ಕತಂಗಿಯರು. ಅವರಲ್ಲಿ ಮೆಡೂಸಾಳ ಮುಖ ನೋಡಿದವರು ಕಲ್ಲಾಗುತ್ತಿದ್ದರು. ಪರ್ಸಿಯಸ್ ಅನ್ನುವ ವೀರ ಅವಳನ್ನು ನೇರ ನೋಡದೆ, ಗುರಾಣಿಯಲ್ಲಿ ಬಿದ್ದ ಬಿಂಬ ನೋಡಿಕೊಂಡು ತಲೆ ಕಡಿದ. ಆ ಕಾಲದ ಗ್ರೀಕರು ಈ ಮುಖವನ್ನು ಸೂರಿನ ಅಂಚಿಗೆ, ಗುರಾಣಿಗೆ, ಕುಡಿಯುವ ಬಟ್ಟಲಿನ ತಳಕ್ಕೂ ಹಾಕಿಕೊಳ್ಳುತ್ತಿದ್ದರು. ವೈನ್ ಮುಗಿಯುವ ಹೊತ್ತಿಗೆ ಕೆಳಗಿಂದ ನಾಲಿಗೆ ಚಾಚುತ್ತಾಳೆ! ಕೆಲವು ಕಡೆ ಅವಳಿಗೆ ಗಡ್ಡವೂ ಇದೆ. ನಮ್ಮ ಬೊಂಬೆಗೆ ಮೀಸೆ ಇಲ್ಲವಾ, ಹಾಗೆ. ಕೆಟ್ಟದ್ದನ್ನು ಹೆದರಿಸಿ ಓಡಿಸುವುದೇ ಇಬ್ಬರ ಕೆಲಸ.

ಆಮೇಲೆ ಒಂದೆರಡು ಶತಮಾನದಲ್ಲಿ ಕಲಾವಿದರು ಅವಳ ನಾಲಿಗೆ ಒಳಗೆ ಹಾಕಿಸಿದರು, ಕೋರೆಹಲ್ಲು ಕಿತ್ತರು. ರೋಮನ್ನರ ಹೊತ್ತಿಗೆ ಚಂದದ ಹುಡುಗಿಯೇ ಆಗಿಬಿಟ್ಟಿದ್ದಳು. ಕಥೆಯೂ ಬದಲಾಗಿತ್ತು. ರೋಮಿನ ಕವಿ ಓವಿಡ್ ಹೇಳುವ ಪ್ರಕಾರ, ಸಮುದ್ರದ ದೇವರು ಗುಡಿಯೊಳಗೆ ಅವಳ ಮೇಲೆ ಬಲಾತ್ಕಾರ ಮಾಡಿದ. ಗುಡಿಯ ದೇವಿ ಶಿಕ್ಷೆ ಕೊಟ್ಟದ್ದು ಅವಳಿಗೆ, ಕೂದಲನ್ನೆಲ್ಲ ಹಾವು ಮಾಡಿ. ನಿನಗೆ ಅಹಲ್ಯೆ ನೆನಪಾದಳು ಅಲ್ವಾ? ನನಗೂ.

ಮಧ್ಯಾಹ್ನ ದೊಡ್ಡ ಚೌಕದಲ್ಲಿ ಚೆಲ್ಲಿನಿ ಅನ್ನುವ ಶಿಲ್ಪಿ ಮಾಡಿದ ಕಂಚಿನ ಪರ್ಸಿಯಸ್ ನೋಡಿದೆ, 1554ರದ್ದು. ಎರಕ ಹೊಯ್ಯುವಾಗ ಲೋಹ ಗಟ್ಟಿಯಾಗತೊಡಗಿತಂತೆ. ಆಗ ಈ ಪುಣ್ಯಾತ್ಮ ಮನೆಯಲ್ಲಿದ್ದ ಇನ್ನೂರರಷ್ಟು ತವರದ ತಟ್ಟೆ ಬಟ್ಟಲು ತಂದು ಕುಲುಮೆಗೆ ಸುರಿದನಂತೆ. ಅವನೇ ಬರೆದುಕೊಂಡಿದ್ದಾನೆ. ನೀನಾಗಿದ್ದರೆ ಅಡುಗೆಮನೆ ಬಾಗಿಲಿಗೆ ಬೀಗ ಹಾಕುತ್ತಿದ್ದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಕೊಂದವನ ಮುಖ, ಅವನ ಕೈಯಲ್ಲಿ ಜೋತುಬಿದ್ದ ತಲೆಯ ಮುಖ, ಎರಡೂ ಒಂದೇ ಥರ ಇವೆ. ಅದೇ ಮೂಗು, ಅದೇ ತಗ್ಗಿದ ಕಣ್ಣು. ಅಣ್ಣತಂಗಿ ಅಂದರೂ ನಂಬಬಹುದು.

ಕೊನೆಗೆ ಉಫೀಜಿ ಅನ್ನುವ ಕಲಾ ಮ್ಯೂಸಿಯಂ. ಎರಡು ಗಂಟೆ ಕ್ಯೂ, ಕಾಲು ಸೋತುಹೋಯಿತು. ಅಲ್ಲಿ ಕರವಾಜ್ಜೋ ಅನ್ನುವ ಚಿತ್ರಕಾರ 1597ರ ಸುಮಾರಿಗೆ ಬರೆದ ಮೆಡೂಸಾ ಇದ್ದಾಳೆ. ನಮ್ಮ ದೊಡ್ಡ ಹರಿವಾಣದಷ್ಟು ಅಗಲ. ಉಬ್ಬಿದ ಮರದ ಗುರಾಣಿಗೆ ಬಟ್ಟೆ ಎಳೆದು ಅದರ ಮೇಲೆ ಬರೆದಿದ್ದಾನೆ. ಕತ್ತಿನಿಂದ ರಕ್ತ ಚಿಮ್ಮುತ್ತಿದೆ, ಬಾಯಿ ತೆರೆದಿದೆ, ಹಾವುಗಳು ಇನ್ನೂ ಒದ್ದಾಡುತ್ತಿವೆ. ಆದರೆ ಅವಳು ನಮ್ಮನ್ನು ನೋಡುತ್ತಿಲ್ಲ, ಅಮ್ಮ. ಕಣ್ಣು ಕೆಳಗಿದೆ. ತನಗೆ ಏನಾಯಿತು ಅಂತ ಈಗಷ್ಟೇ ಗೊತ್ತಾದ ಹಾಗೆ. ಎರಡು ಸಾವಿರ ವರ್ಷ ಎಲ್ಲರನ್ನೂ ಹೆದರಿಸಿದವಳು ಇಲ್ಲಿ ತಾನೇ ಹೆದರಿ ಕಿರುಚುತ್ತಿದ್ದಾಳೆ. ಪಕ್ಕದಲ್ಲಿದ್ದ ಪುಟ್ಟ ಹುಡುಗ ಅವಳಂತೆಯೇ ಬಾಯಿ ತೆರೆದು ನಿಂತಿದ್ದ.

ಈಚೆಗೆ ಗರ್ಬಾತಿ ಅನ್ನುವ ಶಿಲ್ಪಿ ಕಥೆಯನ್ನೇ ತಿರುಗಿಸಿದ್ದಾನೆ. ಅವನ 2008ರ ಶಿಲ್ಪದಲ್ಲಿ ಮೆಡೂಸಾಳೇ ಪರ್ಸಿಯಸ್‌ನ ತಲೆ ಹಿಡಿದು ನಿಂತಿದ್ದಾಳೆ. 2020ರಲ್ಲಿ ಅದನ್ನು ನ್ಯೂಯಾರ್ಕ್‌ನ ಕೋರ್ಟ್ ಎದುರು ಇಟ್ಟಿದ್ದರು. ನಾನು ಫೋಟೊ ಮಾತ್ರ ನೋಡಿದ್ದು. ಯೋಚನೆ ಚೆನ್ನಾಗಿದೆ, ಮುಖ ಮಾತ್ರ ನನಗೆ ತಾಕಲಿಲ್ಲ. ತೀರಾ ನುಣ್ಣಗಿದೆ.

ಗೃಹಪ್ರವೇಶ ಆದಮೇಲೆ ನಮ್ಮ ಬೊಂಬೆಯನ್ನು ಬಿಸಾಕಬೇಡಿ. ಅಟ್ಟದ ಮೇಲೆ ಇಡಲು ಅಪ್ಪನಿಗೆ ಹೇಳು. ನಾನು ಬಂದು ಹತ್ತಿರದಿಂದ ನೋಡಬೇಕು.

ನಿನ್ನ ಮಗಳು