ಟೋಲ್ ಹೋದರೆ ಸಾಕೇ, ಪೇಟೆಯ ಟ್ರಾಫಿಕ್ ಬ್ಲಾಕ್ ಹೋಗಬೇಡವೇ?

ಸಂಪಾದಕರಿಗೆ ನಮಸ್ಕಾರ.

ಟೋಲ್ ತೆಗೆಯಿರಿ ಎಂಬ ಕೂಗು ನಮ್ಮ ಕಾಸರಗೋಡಿನಲ್ಲಿ ಹೊಸದಲ್ಲ. ಗಡಿಯ ತಲಪಾಡಿ ಟೋಲ್ ಗೇಟ್ ದಾಟಿ ಮಂಗಳೂರಿನ ಆಸ್ಪತ್ರೆಗೆ, ಕಾಲೇಜಿಗೆ ಓಡಾಡುವವರ ಜೇಬಿಗೆ ಅದು ಭಾರವೇ. ಜನ ಪಟ್ಟು ಹಿಡಿದದ್ದಕ್ಕೆ ಸುರತ್ಕಲ್‌ನಲ್ಲಿ 2022ರ ಡಿಸೆಂಬರ್ 1ರಿಂದ ವಸೂಲಿ ನಿಂತಿತು, ಒಳ್ಳೆಯದೇ ಆಯಿತು.

ಆದರೆ ಬ್ರಿಟನ್‌ನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ನಡುವಿನ ಸೆವರ್ನ್ ಸೇತುವೆಗಳ ಕತೆಯನ್ನೂ ನೋಡಿ. 2018ರ ಡಿಸೆಂಬರ್ 17ರಂದು ಅಲ್ಲಿ ಟೋಲ್ ಎತ್ತಿದರು. ಇಂಗ್ಲೆಂಡ್‌ನ ಬ್ರಿಸ್ಟಲ್ ಕಡೆ ಕೆಲಸ ಮಾಡುವವರು ಅಗ್ಗವೆಂದು ಆಚೆ ದಡದ ವೇಲ್ಸ್‌ನಲ್ಲಿ ಮನೆ ಹುಡುಕಿದರು, ಅಲ್ಲಿನ ಮನೆ ಬೆಲೆ ಏರಿತು, ಚೆಪ್‌ಸ್ಟೋ ಎಂಬ ಪುಟ್ಟ ಪೇಟೆಯಲ್ಲಿ ಮೊದಲೇ ಇದ್ದ ಬ್ಲಾಕ್ ಇನ್ನೂ ಜಾಸ್ತಿಯಾಯಿತು. ಈಗ ಅವರಿಗೆ ಬೈಪಾಸ್ ಬೇಕಂತೆ!

ನಮ್ಮಲ್ಲೂ ಹಾಗೇ ಅಲ್ವಾ, ಬ್ಲಾಕ್ ಇರುವುದು ಪೇಟೆಯೊಳಗೇ? ಮೇಲ್ಸೇತುವೆಯಲ್ಲಿ ದೂರದ ಗಾಡಿಗಳು ಸಲೀಸಾಗಿ ಹೋಗುತ್ತವೆ. ಕೆಳಗೆ ಹೊಸ ಬಸ್ ನಿಲ್ದಾಣದ ಹತ್ತಿರ ಒಂದು ಬಸ್ಸು ಜನ ಹತ್ತಿಸಲು ರಸ್ತೆಯಲ್ಲೇ ನಿಂತರೆ ಮುಗಿಯಿತು, ಹಿಂದೆ ಆಟೋ, ಮೀನಿನ ಟೆಂಪೋ, ಕೆಲವೊಮ್ಮೆ ಆಂಬುಲೆನ್ಸ್ ಕೂಡ. ಸುಮ್ನೆ ಹಾರ್ನ್ ಹೊಡೆದು ಏನು ಪ್ರಯೋಜನ? ಬಸ್ಸು ನಿಲ್ಲಲು ಬದಿಯಲ್ಲಿ ಜಾಗ ಮಾಡಿ, ಅಂಗಡಿಗಳ ಮುಂದಿನ ಕಾರು ತೆಗೆಸಿ, ಸಂಜೆ ಹೊತ್ತು ಒಬ್ಬ ಪೊಲೀಸರನ್ನು ನಿಲ್ಲಿಸಿ. ಟೋಲ್ ವಿಷಯ ಬೇಕಾದರೆ ಆಮೇಲೆ ಮಾತಾಡೋಣ.

– ಓದುಗ, ಕಾಸರಗೋಡು