ಮಗಳಿಗೊಂದು ಪತ್ರ: ದೊಣೆಯ ನೀರು

ಪುಟ್ಟೀ,

ಆಫೀಸಿನ ಕೆಲಸಕ್ಕೆ ಎಲ್ ಪಾಸೋಗೆ ಬಂದವನು ಶನಿವಾರ ಕಾರು ತಗೊಂಡು ಸಿಯೆರಾ ಬ್ಲಾಂಕಾ ಕಡೆ ಹೊರಟೆ. ಟೆಕ್ಸಾಸ್‌ನ ಈ ಭಾಗದಲ್ಲಿ ಕಣ್ಣು ಹಾಯಿಸಿದಷ್ಟೂ ಕುರುಚಲು, ಬಂಡೆ. ರಸ್ತೆ ಬದಿಯಲ್ಲೊಂದು ಫಲಕ. ಮುಟ್ಟಿದೆ, ಕೈ ಚುರ್ ಅಂತು. 1880ರ ಜುಲೈ 30ರಂದು ತಿನಾಹಾ ದೆ ಲಾಸ್ ಪಾಲ್ಮಾಸ್‌ನಲ್ಲಿ ನಡೆದ ಕಾಳಗದ ನೆನಪಿಗೆ ನೆಟ್ಟದ್ದು.

ತಿನಾಹಾ ಅಂದರೆ ಸ್ಪ್ಯಾನಿಷ್‌ನಲ್ಲಿ ಗುಡಾಣ. ಬಂಡೆಯ ಕುಳಿಯಲ್ಲಿ ಮಳೆನೀರು ನಿಂತರೆ ಅದಕ್ಕೂ ಅದೇ ಹೆಸರು. ನಮ್ಮ ದುರ್ಗದ ಕಡೆಯ ದೊಣೆ ಕಣೇ! ಇಷ್ಟು ದೂರ ಬಂದು ದೊಣೆ ಸಿಕ್ಕಿತಲ್ಲ ಅಂತ ಒಬ್ಬನೇ ನಕ್ಕೆ.

ಕಾಳಗ ಆಗಿದ್ದೂ ಆ ನೀರಿಗೇ. ಅಪಾಚಿ ಅನ್ನೋ ಮೂಲನಿವಾಸಿ ಜನರ ನಾಯಕ ವಿಕ್ಟೋರಿಯೋನನ್ನು ಈ ಮರಳುಗಾಡಿನಲ್ಲಿ ಅಟ್ಟಿಸಿಕೊಂಡು ಹೋಗಿ ಹಿಡಿಯೋದು ಆಗದ ಮಾತು. ಅದಕ್ಕೇ ಅಮೆರಿಕ ಸೇನೆಯ ಕರ್ನಲ್ ಗ್ರಿಯರ್‌ಸನ್ ನೀರಿದ್ದ ಕಡೆ ಮೊದಲೇ ಹೋಗಿ ಕೂತ. ಬೆರಳೆಣಿಕೆ ಜನ, ಗುಡ್ಡದ ಮೇಲೆ ಕಲ್ಲು ಪೇರಿಸಿಕೊಂಡು. ಹತ್ತನೇ ಅಶ್ವದಳದ ಕಪ್ಪು ಸೈನಿಕರು ಅವರು. ಗುಲಾಮಗಿರಿ ರದ್ದಾಗಿ ಆಗ 15 ವರ್ಷ ಅಷ್ಟೆ. ಇನ್ನಷ್ಟು ಸೈನಿಕರು ಬಂದು ಕೂಡಿಕೊಂಡ ಮೇಲೆ ವಿಕ್ಟೋರಿಯೋ ರಿಯೋ ಗ್ರಾಂಡೆ ನದಿ ಕಡೆ ಹಿಂದೆ ಸರಿದ. ಆಗಸ್ಟ್‌ನಲ್ಲಿ ರ್‍ಯಾಟಲ್‌ಸ್ನೇಕ್ ಸ್ಪ್ರಿಂಗ್ಸ್‌ನಲ್ಲೂ ಅದೇ ಕತೆ. ಅಕ್ಟೋಬರ್‌ನಲ್ಲಿ ಮೆಕ್ಸಿಕೋದ ತ್ರೆಸ್ ಕಾಸ್ತಿಯೋಸ್‌ನಲ್ಲಿ ಅಲ್ಲಿನ ಪಡೆ ಮುತ್ತಿದಾಗ ವಿಕ್ಟೋರಿಯೋ ಸತ್ತ.

ಅವನ ಜನದ ನೆಲದ ಹೆಸರು ಓಹೋ ಕಾಲಿಯೆಂತೆ, ಬಿಸಿನೀರಿನ ಬುಗ್ಗೆ. 1877ರಲ್ಲಿ ಸರ್ಕಾರ ಅವರನ್ನು ಅಲ್ಲಿಂದ ಎಬ್ಬಿಸಿ ಅರಿಜೋನಾದ ಸಾನ್ ಕಾರ್ಲೋಸ್‌ಗೆ ಅಟ್ಟಿತು. ಬುಗ್ಗೆ ಕಿತ್ತುಕೊಂಡವರೇ ಆಮೇಲೆ ದೊಣೆಗೂ ಕಾವಲು ಕೂತರು. ನನಗೆ ಹಾಗೇ ಕಾಣುತ್ತೆ, ನೀನು ಬೇಕಾದರೆ ಜಗಳ ಮಾಡು.

ಇನ್ನೊಂದು ವಿಷಯ. ಆ ಕಲ್ಲುಗಳ ಹಿಂದೆ ಗ್ರಿಯರ್‌ಸನ್ ಜೊತೆ ಮಗ ರಾಬರ್ಟ್ ಕೂಡ ಇದ್ದ. ಸೈನಿಕನಲ್ಲ, ಅಪ್ಪನ ಜೊತೆ ಬಂದ ಹುಡುಗ. ನಿನ್ನನ್ನು ಬೈಕಿನ ಟ್ಯಾಂಕ್ ಮೇಲೆ ಕೂರಿಸಿಕೊಂಡು ಕೋಟೆಗೆ ಹೋಗಿದ್ದಕ್ಕೇ ಅಮ್ಮ ಮೂರು ದಿನ ಮಾತು ಬಿಟ್ಟಿದ್ದಳು. ಆ ಹುಡುಗನ ತಾಯಿ ಏನಂದಳೋ!

ಬಾಟಲಿಯ ನೀರು ಕಾದು ಕಷಾಯ ಆಗಿತ್ತು. ಅದನ್ನೇ ಕುಡಿದು ತಿರುಗಿದೆ. ಊರಿಗೆ ಹೋದಾಗ ದೊಣೆಯಲ್ಲಿ ನೀರಿದೆಯಾ ಅಂತ ನೋಡಿ ಒಂದು ಫೋಟೋ ಕಳಿಸು.

ನಿನ್ನ
ಅಪ್ಪ